"ಕೊಲ್ಲಿ ಅಂತ ನಾನು ಹೇಳಿಲ್ಲ" ಅಂದ್ರೆ ಹೊಣೆ ಮುಗೀತಾ?

1992ರ ನವೆಂಬರ್ 22, ರುವಾಂಡಾದ ಕಬಾಯಾ ಅನ್ನೋ ಊರಲ್ಲಿ ಆಡಳಿತ ಪಕ್ಷದ ಸಭೆ ನಡೀತಿತ್ತು. ಲಿಯೋನ್ ಮುಗೆಸೆರಾ ಅನ್ನೋ ಮುಖಂಡ ಭಾಷಣ ಮಾಡ್ತಾ ಮಾಡ್ತಾ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರ ವಿಷಯಕ್ಕೆ ಬಂದು, ನಿಮ್ಮ ಮನೆ ಇರೋದು ಇಥಿಯೋಪಿಯಾದಲ್ಲಿ, ಬೇಗ ತಲುಪ್ಲಿ ಅಂತ ನ್ಯಾಬರೊಂಗೊ ನದಿ ದಾರಿಲೇ ಕಳಿಸ್ತೀವಿ ಅಂದ. ಗೊತ್ತಿಲ್ದೋರು ಕೇಳಿದ್ರೆ ಇದೊಂದು ಒರಟು ಹೀಯಾಳಿಕೆ, ವಾಪಸ್ ಹೋಗಿ ಅಂತಿದಾನೆ ಅಷ್ಟೇ ಅನ್ಸುತ್ತೆ. ಆದ್ರೆ ಆ ನದಿಲಿ ದೋಣಿ ಹಾಕ್ಕೊಂಡು ಎಲ್ಲಿಗೂ ಹೋಗಕ್ಕಾಗಲ್ಲ. ಹಿಂದೆ ಟುಟ್ಸಿಗಳನ್ನ ಕೊಂದಾಗ ಹೆಣ ಎಸೆದಿದ್ದು ಅದೇ ನದಿಗೆ. ಸಭೆಲಿ ಕೂತಿದ್ದ ಜನಕ್ಕೆ ಅದನ್ನ ಬಿಡಿಸಿ ಹೇಳೋ ಅಗತ್ಯ ಇರಲಿಲ್ಲ. ಒಂದೂವರೆ ವರ್ಷ ತುಂಬೋದ್ರೊಳಗೆ ನರಮೇಧ ಶುರುವಾಯ್ತು, 1994ರ ಏಪ್ರಿಲ್‌ನಿಂದ ಜುಲೈ ತನಕ, ಹೆಚ್ಚುಕಡಿಮೆ 100 ದಿನದಲ್ಲಿ ಲಕ್ಷಾಂತರ ಟುಟ್ಸಿಗಳ ಕೊಲೆ ಆಯ್ತು, ಸಾಮಾನ್ಯವಾಗಿ ಹೇಳೋ ಲೆಕ್ಕ 8 ಲಕ್ಷ, ನದಿಗೆ ಬಿದ್ದ ಹೆಣಗಳು ತೇಲ್ತಾ ವಿಕ್ಟೋರಿಯಾ ಸರೋವರದ ತನಕ ಹೋದ್ವು. ಅಷ್ಟೊತ್ತಿಗೆ ಮುಗೆಸೆರಾ ಕೆನಡಾದಲ್ಲಿ ಇದ್ದ. ಆ 100 ದಿನದಲ್ಲಿ ಅವನ ಕೈಯಲ್ಲಿ ಮಚ್ಚು ಇರಲಿಲ್ಲ.

ಇವನು ಹೊಣೆನಾ ಅಂತ ಕೇಳಿದ್ರೆ ನಮ್ಮಲ್ಲಿ ಬಹಳಷ್ಟು ಜನ ಯೋಚನೆ ಮಾಡದೇನೇ ಹೌದು ಅಂತೀವಿ. ಆದ್ರೆ ಇದೇ ಪ್ರಶ್ನೆ ನಾವು ಮೆಚ್ಚೋ ನಾಯಕರ ಬಗ್ಗೆ ಬಂದಾಗ ಉತ್ತರ ತಕ್ಷಣ ಬದಲಾಗುತ್ತೆ, ಎಲ್ಲೋ ಒಂದು ದಾಳಿ ನಡೆದ ಒಂದು ಗಂಟೆಯೊಳಗೆ ಒಂದು ಕಡೆಯೋರು "ಇದೆಲ್ಲ ಅವರ ಭಾಷಣದ ಫಲ" ಅಂತಾರೆ, ಇನ್ನೊಂದು ಕಡೆಯೋರು "ಮಾಡ್ದೋನು ಮಾಡಿದಾನೆ, ನಮ್ಮ ನಾಯಕರು ಹೋಗಿ ಹೊಡಿ ಅಂದಿದ್ರಾ" ಅಂತಾರೆ, ಮುಂದಿನ ಸಲ ದಾಳಿ ಆದಾಗ ಪಾತ್ರ ಅದಲುಬದಲು, ಮಾತು ಮಾತ್ರ ಅವೇ. ಈ ಜಗಳ ಬಗೆಹರಿಯದೇ ಇರೋದಕ್ಕೆ ಪಕ್ಷಪಾತ ಒಂದು ಕಾರಣ ನಿಜ, ಆದ್ರೆ ಇನ್ನೊಂದಿದೆ. ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನ ಒಂದೇ ಗಂಟಲ್ಲಿ ಕಟ್ಟಿ ಕೇಳ್ತಿದೀವಿ. ಆ ಮಾತು ಹಿಂಸೆಗೆ ಕಾರಣ ಆಯ್ತಾ? ಆ ಮಾತು ಅಪರಾಧನಾ? ಮಾತಾಡಿದವರು ಹೊಣೆಗಾರರಾ? ಒಂದಕ್ಕೆ ಇಲ್ಲ ಅನ್ನೋ ಉತ್ತರ ಬಂದ ಮಾತ್ರಕ್ಕೆ ಉಳಿದ ಎರಡಕ್ಕೂ ಇಲ್ಲ ಅಂತ ಆಗಲ್ಲ, ಇದನ್ನೇ ಬಿಡಿಸಿ ಹೇಳೋಣ ಅಂತ ಬರೀತಿದೀನಿ.

ಮೊದಲು ಕಾರಣದ ವಿಷಯ. ಇಲ್ಲಿ ಆತುರಪಟ್ಟರೆ ತಪ್ಪು ಆಗೋದು ಗ್ಯಾರಂಟಿ, ಆಗಿದೆ ಕೂಡ. 2011ರ ಜನವರಿ 8ರಂದು ಅಮೆರಿಕದ ಟೂಸಾನ್ ನಗರದಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರ ಜೊತೆ ಮಾತಾಡ್ತಿದ್ದಾಗ ಒಬ್ಬ ಯುವಕ ತಲೆಗೇ ಗುಂಡು ಹೊಡೆದ, ಅವರು ಬದುಕಿದ್ರು, ಬೇರೆ 6 ಜನ ಸತ್ತರು. ಅದಕ್ಕೂ ಕೆಲವು ತಿಂಗಳ ಹಿಂದೆ ಎದುರು ಪಕ್ಷದ ನಾಯಕಿ ಸಾರಾ ಪೇಲಿನ್ ಅವರ ರಾಜಕೀಯ ಸಂಘಟನೆ ಒಂದು ಭೂಪಟ ಬಿಟ್ಟಿತ್ತು, ಸೋಲಿಸಬೇಕಾದ ಕ್ಷೇತ್ರಗಳ ಮೇಲೆ ಬಂದೂಕಿನ ಗುರಿಯ ಗುರುತು ಹಾಕಿ, ಅದ್ರಲ್ಲಿ ಗಿಫರ್ಡ್ಸ್ ಕ್ಷೇತ್ರವೂ ಇತ್ತು. ಎಲ್ಲರೂ ಎರಡನ್ನೂ ಜೋಡಿಸಿಬಿಟ್ಟರು. ಆದ್ರೆ ಗುಂಡು ಹೊಡೆದವನು ತೀವ್ರ ಮಾನಸಿಕ ಕಾಯಿಲೆಯಿಂದ ನರಳ್ತಿದ್ದ, ಆ ಭೂಪಟ ನೋಡಿದ್ದ ಅನ್ನೋದಕ್ಕೇ ಯಾವ ಪುರಾವೆಯೂ ಸಿಗಲಿಲ್ಲ. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಮತ್ತೆ ಆ ನಂಟನ್ನ ಬರೆದು ಆಮೇಲೆ ತಿದ್ದುಪಡಿ ಹಾಕಬೇಕಾಯ್ತು, ಪೇಲಿನ್ ಮಾನನಷ್ಟ ಕೇಸು ಹಾಕಿದ್ರು, ಅದ್ರಲ್ಲಿ ಅವರು ಗೆಲ್ಲಲಿಲ್ಲ ಅನ್ನೋದು ಬೇರೆ ಮಾತು. ಆ ಗುರಿಯ ಗುರುತು ಸರಿ ಇತ್ತಾ ಅಂದ್ರೆ ನನ್ನ ಪ್ರಕಾರ ಖಂಡಿತ ಇಲ್ಲ. ಆ ಗುಂಡಿಗೆ ಅದು ಕಾರಣನಾ ಅಂದ್ರೆ ಹಾಗಂತ ಹೇಳಕ್ಕೆ ಆಧಾರ ಇಲ್ಲ. ಎರಡನ್ನೂ ಒಟ್ಟಿಗೆ ಹೇಳೋ ಪ್ರಾಮಾಣಿಕತೆ ನಮಗೆ ಬೇಕು, ಇಲ್ಲಾಂದ್ರೆ ನಿಜವಾಗ್ಲೂ ನಂಟು ಇರೋ ಜಾಗದಲ್ಲಿ ನಮ್ಮ ಮಾತನ್ನ ಯಾರೂ ನಂಬಲ್ಲ.

ಹಾಗಾದ್ರೆ ಮಾತಿಗೂ ಹಿಂಸೆಗೂ ಸಂಬಂಧನೇ ಇಲ್ವಾ ಅಂದ್ರೆ, ಇದೆ, ಆದ್ರೆ ನಾವು ಅದನ್ನ ಹುಡುಕೋ ಜಾಗ ತಪ್ಪು. ಸಿಗರೇಟ್ ಮತ್ತು ಶ್ವಾಸಕೋಶದ ಕ್ಯಾನ್ಸರ್ ನೆನಪಿಸ್ಕೊಳ್ಳಿ. ಇವರಿಗೆ ಬಂದ ಈ ಕ್ಯಾನ್ಸರ್ ಇವರು ಸೇದಿದ ಆ ಸಿಗರೇಟಿಂದಲೇ ಅಂತ ಯಾವ ಡಾಕ್ಟರೂ ಬೆರಳಿಟ್ಟು ತೋರ್ಸಕ್ಕಾಗಲ್ಲ, ಸೇದಿದ ಬಹಳ ಜನಕ್ಕೆ ಬರೋದೇ ಇಲ್ಲ, ಸೇದದೇ ಇದ್ದವರಿಗೂ ಬರುತ್ತೆ. ಆದ್ರೂ ಲಕ್ಷ ಜನರನ್ನ ಒಟ್ಟಿಗೆ ನೋಡಿದಾಗ ಸಿಗರೇಟ್ ಕ್ಯಾನ್ಸರ್ ತರುತ್ತೆ ಅನ್ನೋದ್ರಲ್ಲಿ ಅನುಮಾನವೇ ಉಳಿಯಲ್ಲ. ದ್ವೇಷದ ಭಾಷಣವೂ ಹಾಗೇ ಕೆಲಸ ಮಾಡೋದು. ಲಕ್ಷ ಜನ ಕೇಳ್ತಾರೆ, ತೊಂಬತ್ತೊಂಬತ್ತು ಸಾವಿರಕ್ಕಿಂತ ಹೆಚ್ಚು ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಊಟ ಮಾಡಿ ಮಲಗ್ತಾರೆ, ಯಾರೋ ಒಬ್ಬನ ತಲೆಲಿ ಅದು ಕೂತ್ಕೊಳ್ಳುತ್ತೆ. ಆ ಒಬ್ಬ ಯಾರು, ಯಾವತ್ತು, ಎಲ್ಲಿ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ, ಆದ್ರೆ ಯಾರೋ ಒಬ್ಬ ಇರ್ತಾನೆ ಅನ್ನೋದನ್ನ ಅಂದಾಜು ಮಾಡಬಹುದು.

ಇದನ್ನ ಅಳೆಯೋ ಪ್ರಯತ್ನಗಳೂ ನಡೆದಿವೆ. ಜರ್ಮನಿಯಲ್ಲಿ ನಿರಾಶ್ರಿತರ ಮೇಲೆ 2015ರಿಂದ 2017ರ ನಡುವೆ ಆದ ದಾಳಿಗಳನ್ನ ಕಾರ್ಸ್ಟನ್ ಮ್ಯೂಲರ್ ಮತ್ತು ಕಾರ್ಲೋ ಶ್ವಾರ್ಟ್ಸ್ ಅನ್ನೋ ಸಂಶೋಧಕರು ಅಧ್ಯಯನ ಮಾಡಿದ್ರು. ಫೇಸ್‌ಬುಕ್‌ನಲ್ಲಿ ನಿರಾಶ್ರಿತರ ವಿರುದ್ಧದ ಮಾತು ಜೋರಾದ ವಾರಗಳಲ್ಲಿ, ಫೇಸ್‌ಬುಕ್ ಬಳಕೆ ಹೆಚ್ಚಿರೋ ಊರುಗಳಲ್ಲಿ ದಾಳಿಗಳೂ ಜಾಸ್ತಿ ಆಗ್ತಿದ್ವು, ಅದೇ ಊರಲ್ಲಿ ಇಂಟರ್ನೆಟ್ ಕೆಟ್ಟು ನಿಂತಾಗ ಆ ನಂಟು ಕಾಣೆ ಆಗ್ತಿತ್ತು. ಜನ ಅವರೇ, ಅಲ್ಲಿನ ನಿರುದ್ಯೋಗ, ಸಿಟ್ಟು ಎಲ್ಲ ಹಾಗೇ ಇದೆ, ಮಾತು ಹರಿಯೋ ಕಾಲುವೆ ಮಾತ್ರ ಮುಚ್ಚಿದೆ, ಅದಕ್ಕೇ ಈ ಅಧ್ಯಯನ ನನಗೆ ಮುಖ್ಯ ಅನ್ಸೋದು. ಟುಟ್ಸಿಗಳ ವಿರುದ್ಧ ದ್ವೇಷ ಹರಡ್ತಿದ್ದ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೋ ಬಗ್ಗೆ ಡೇವಿಡ್ ಯಾನಗಿಜಾವಾ-ಡ್ರಾಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಥರದ್ದು. ಬೆಟ್ಟಗುಡ್ಡದ ದೇಶ, ಕೆಲವು ಹಳ್ಳಿಗೆ ಸಿಗ್ನಲ್ ಬರ್ತಿತ್ತು, ಪಕ್ಕದ ಹಳ್ಳಿಗೆ ಗುಡ್ಡ ಅಡ್ಡ ಬರ್ತಿತ್ತು, ಹಾಗಾಗಿ ಹೋಲಿಸಕ್ಕಾಯ್ತು. ಹಿಂಸೆಲಿ ಭಾಗಿಯಾದವರಲ್ಲಿ ಸುಮಾರು 10% ಜನರ ಪಾಲು ಆ ರೇಡಿಯೋ ಪ್ರಸಾರದ್ದು ಅನ್ನೋ ಅಂದಾಜಿಗೆ ಅವರು ಬಂದ್ರು.

ಈ 10% ಅನ್ನೋದನ್ನ ಎರಡೂ ಕಡೆಯಿಂದ ಓದಬೇಕು. ಬಾಕಿ 90% ರೇಡಿಯೋದಿಂದ ಅಲ್ಲ. ಸ್ಕಾಟ್ ಸ್ಟ್ರಾಸ್ ಅನ್ನೋ ವಿದ್ವಾಂಸರು ಜೈಲಲ್ಲಿದ್ದ ಕೊಲೆಗಾರರನ್ನೇ ಮಾತಾಡಿಸಿದಾಗ ಹೆಚ್ಚಿನವರು ರೇಡಿಯೋ ಹೆಸರು ಎತ್ತಲಿಲ್ಲ, ಪಕ್ಕದ ಮನೆಯೋರು ಬಂದು ಕರೆದ್ರು, ಊರ ಮುಖಂಡ ಬಾ ಅಂದ, ಬರದಿದ್ರೆ ನನ್ನನ್ನೇ ಹೊಡೀತಿದ್ರು, ಯುದ್ಧದ ಭಯ ಇತ್ತು, ಹೀಗೆ ಹೇಳಿದ್ರು. ಅಂದ್ರೆ ಬರೀ ಮಾತು ಕೇಳಿ ಜನ ಮಚ್ಚು ಹಿಡಿದು ಹೊರಡ್ತಾರೆ ಅನ್ನೋದು ಸುಳ್ಳು. ಆದ್ರೆ ಆ ಊರ ಮುಖಂಡನಿಗೆ, ಕರೆಯೋಕೆ ಬಂದ ಆ ಪಕ್ಕದ ಮನೆಯವನಿಗೆ ಧೈರ್ಯ ಎಲ್ಲಿಂದ ಬಂತು, ಮೇಲಿನೋರು ನಮ್ಮ ಜೊತೆ ಇದಾರೆ ಅನ್ನೋ ನಂಬಿಕೆ ಎಲ್ಲಿಂದ ಬಂತು ಅಂತ ಕೇಳಿದ್ರೆ ಮತ್ತೆ ಮಾತಿನ ಹತ್ರವೇ ಬರ್ತೀವಿ.

ಕನ್ನಡದಲ್ಲಿ ಇದಕ್ಕೆ ಎಷ್ಟು ಪದ ಇದಾವೆ ನೋಡಿ. ಹುಳಿ ಹಿಂಡೋದು, ಕಿವಿ ಊದೋದು, ಎತ್ತಿಕಟ್ಟೋದು, ಚಿತಾವಣೆ, ಕುಮ್ಮಕ್ಕು, ಪ್ರಚೋದನೆ. ಎಲ್ಲ ಒಂದೇ ಅಲ್ಲ. ಹುಳಿ ಹಿಂಡುವವನು ಇಬ್ಬರ ಮಧ್ಯೆ ಮನಸ್ಸು ಕೆಡಿಸ್ತಾನೆ, ಎತ್ತಿಕಟ್ಟುವವನು ಒಬ್ಬನನ್ನ ಇನ್ನೊಬ್ಬನ ಮೇಲೆ ನಿಲ್ಲಿಸ್ತಾನೆ, ಕುಮ್ಮಕ್ಕು ಕೊಡುವವನು ನೀನು ಮಾಡು ಹಿಂದೆ ನಾನಿದೀನಿ ಅಂತಾನೆ. ವಿಭಜನೆಯ ರಾಜಕೀಯ ಭಾಷೆ ಈ ಮೆಟ್ಟಿಲುಗಳನ್ನ ಹೇಗೆ ಹತ್ತುತ್ತೆ ಅಂತ ಗೊತ್ತಾದ್ರೆ ವಿಷಯದ ಅರ್ಧ ಅರ್ಥ ಆದ ಹಾಗೆ.

ಮೊದಲ ಮೆಟ್ಟಿಲು ಮನುಷ್ಯರನ್ನ ಮನುಷ್ಯರಲ್ಲ ಅನ್ನೋದು. ಆರ್‌ಟಿಎಲ್‌ಎಂ ಟುಟ್ಸಿಗಳನ್ನ ಇನ್ಯೆಂಜಿ ಅಂತಿತ್ತು, ಜಿರಳೆ ಅಂತ. ಜಿರಳೆ ಕಂಡ್ರೆ ಏನ್ ಮಾಡ್ತೀವಿ ಅಂತ ಯಾರಿಗೂ ಹೇಳ್ಕೊಡಬೇಕಾಗಿಲ್ಲ, ಪದವೇ ಕೆಲಸ ಹೇಳಿಬಿಡುತ್ತೆ. ಇದು ಬರೀ ಊಹೆ ಅಲ್ಲ, 1975ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಜೊತೆಗಾರರು ಮಾಡಿದ ಪ್ರಯೋಗದಲ್ಲಿ, ತಪ್ಪು ಮಾಡಿದ ಗುಂಪಿಗೆ ವಿದ್ಯುತ್ ಶಾಕ್ ಕೊಡೋ ಕೆಲಸ ವಿದ್ಯಾರ್ಥಿಗಳಿಗೆ ಕೊಟ್ಟಿದ್ರು. ಆ ಗುಂಪಿನವರು ಪ್ರಾಣಿಗಳ ಥರ ಅಂತ ಯಾರೋ ಅಂದಿದ್ದನ್ನ ಆಕಸ್ಮಿಕವಾಗಿ ಕೇಳಿಸ್ಕೊಂಡ ಹಾಗೆ ಮಾಡಿದಾಗ, ವಿದ್ಯಾರ್ಥಿಗಳು ಹೆಚ್ಚು ಜೋರಾದ ಶಾಕ್ ಆಯ್ಕೆ ಮಾಡಿದ್ರು. ಒಂದೇ ಒಂದು ಪದ ಕಿವಿಗೆ ಬಿದ್ದಿದ್ದು. ಯಾರೂ ಜಾಸ್ತಿ ಕೊಡಿ ಅಂದಿರಲಿಲ್ಲ.

ಎರಡನೇದು ಭಯ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯ. ದ್ವೇಷ ಇದ್ದ ಮಾತ್ರಕ್ಕೆ ಜನ ಕೊಲ್ಲಲ್ಲ, ದ್ವೇಷ ಇಟ್ಕೊಂಡೇ ಅಕ್ಕಪಕ್ಕ ಬದುಕ್ತಾರೆ. ಆದ್ರೆ "ಅವರು ನಮ್ಮನ್ನ ಮುಗಿಸಕ್ಕೆ ತಯಾರಾಗ್ತಿದಾರೆ, ನಾವು ಸುಮ್ನಿದ್ರೆ ನಮ್ಮ ಮಕ್ಕಳು ಉಳಿಯಲ್ಲ" ಅನ್ನೋದನ್ನ ನಂಬಿಬಿಟ್ಟರೆ, ಒಳ್ಳೆ ಮನುಷ್ಯನಿಗೂ ಹಿಂಸೆ ಆತ್ಮರಕ್ಷಣೆ ಥರ ಕಾಣಕ್ಕೆ ಶುರುವಾಗುತ್ತೆ. ಮುಗೆಸೆರಾ ಅದೇ ಭಾಷಣದಲ್ಲಿ, ನೀವು ಇವತ್ತು ಯಾರ ಕುತ್ತಿಗೆ ಕುಯ್ಯಲ್ವೋ ಅವನೇ ನಾಳೆ ನಿಮ್ಮ ಕುತ್ತಿಗೆ ಕುಯ್ತಾನೆ ಅನ್ನೋ ಅರ್ಥದ ಮಾತೂ ಆಡಿದ್ದ. ಇದನ್ನ ಅಧ್ಯಯನ ಮಾಡೋರು ಕನ್ನಡಿಯ ಆರೋಪ ಅಂತಾರೆ, ನೀವು ಏನು ಮಾಡಬೇಕು ಅಂತಿದೀರೋ ಅದನ್ನ ಎದುರಿನವರು ಮಾಡ್ತಿದಾರೆ ಅಂತ ಆರೋಪ ಹೊರಿಸೋದು. ಈ ಮಾತಲ್ಲಿ ಬೈಗುಳ ಇರಬೇಕು ಅಂತ ಇಲ್ಲ, ತುಂಬಾ ಸಭ್ಯ ಭಾಷೆಲಿ, ಅಂಕಿಅಂಶದ ಥರ, ಕಳಕಳಿಯ ಥರ ಹೇಳಬಹುದು.

ಮೂರನೇದು ಅನುಮತಿ. 1995ರಲ್ಲಿ ಇಸ್ರೇಲ್ ಪ್ರಧಾನಿ ಇಟ್ಜಾಕ್ ರಾಬಿನ್ ಪ್ಯಾಲೆಸ್ಟೀನ್ ಜೊತೆ ಶಾಂತಿ ಮಾತುಕತೆ ನಡೆಸ್ತಿದ್ದಾಗ ವಿರೋಧಿ ರ‍್ಯಾಲಿಗಳಲ್ಲಿ ಅವರಿಗೆ ನಾಜಿ ಸಮವಸ್ತ್ರ ಹಾಕಿದ ಚಿತ್ರಗಳು ಓಡಾಡಿದ್ವು, ದ್ರೋಹಿ ಅನ್ನೋ ಕೂಗು ಮಾಮೂಲಾಗಿತ್ತು, ಕೆಲವು ಧರ್ಮಗುರುಗಳ ವಲಯದಲ್ಲಿ ಅವರಿಗೆ ರೊಡೆಫ್ ಅನ್ನೋ ಧಾರ್ಮಿಕ ಪದ ಅನ್ವಯ ಆಗುತ್ತಾ ಅನ್ನೋ ಚರ್ಚೆ ನಡೀತು. ರೊಡೆಫ್ ಅಂದ್ರೆ ಇನ್ನೊಬ್ಬರ ಪ್ರಾಣ ತೆಗೆಯಲು ಬೆನ್ನಟ್ಟುವವನು, ಅಂಥವನನ್ನ ತಡೆಯೋಕೆ ಕೊಂದ್ರೂ ತಪ್ಪಿಲ್ಲ ಅನ್ನೋದು ಅದರ ಹಿಂದಿನ ನಿಯಮ. ನವೆಂಬರ್ 4ರಂದು ರಾಬಿನ್ ಅವರನ್ನ ಕೊಂದ ಕಾನೂನು ವಿದ್ಯಾರ್ಥಿ ತನ್ನ ಸಮರ್ಥನೆಗೆ ಬಳಸಿದ್ದೂ ಅದೇ ಪದವನ್ನ. ಯಾವ ರಾಜಕಾರಣಿಯೂ ಅವನ ಕೈಗೆ ಪಿಸ್ತೂಲ್ ಕೊಟ್ಟಿರಲಿಲ್ಲ. ಆದ್ರೆ ತಾನು ಒಬ್ಬ ಕೊಲೆಗಾರ ಅಲ್ಲ, ಜನ ಮನಸ್ಸಲ್ಲಿ ಬಯಸ್ತಿರೋದನ್ನ ಮಾಡ್ತಿರೋ ಧೀರ ಅಂತ ಅನ್ಕೊಳ್ಳಕ್ಕೆ ಬೇಕಾದ ಭಾಷೆ ಅವನಿಗೆ ಸುತ್ತಲಿಂದ ಸಿಕ್ಕಿತ್ತು.

ಇಲ್ಲೊಂದು ಮಾತು ಹೇಳ್ಲೇಬೇಕು, ಎಲ್ಲ ಖಾರದ ಮಾತೂ ಇದಲ್ಲ. ಯುದ್ಧ, ಹೋರಾಟ, ಸೋಲಿಸಿ, ಕಿತ್ತೊಗೆಯಿರಿ ಇಂಥ ಪದ ಇಲ್ದೇ ರಾಜಕೀಯವೇ ಇಲ್ಲ. ಸರ್ಕಾರದ ನೀತಿನ ಎಷ್ಟು ಕಟುವಾಗಿ ಬೈದ್ರೂ ಅದು ಬೈಗುಳ ಅಷ್ಟೇ. ನೇಥನ್ ಕಾಲ್ಮೋ ಅನ್ನೋ ಸಂಶೋಧಕರ 2014ರ ಪ್ರಯೋಗದಲ್ಲಿ ರಾಜಕೀಯ ಜಾಹೀರಾತಲ್ಲಿ ಹೋರಾಟ, ಸಮರ ಥರದ ಪದ ಸೇರಿಸಿದಾಗ ರಾಜಕೀಯ ಹಿಂಸೆಗೆ ಬೆಂಬಲ ಹೆಚ್ಚಿದ್ದು ಸ್ವಭಾವದಲ್ಲೇ ಆಕ್ರಮಣಶೀಲತೆ ಇದ್ದವರಲ್ಲಿ, ಎಲ್ಲರಲ್ಲೂ ಅಲ್ಲ. ಬೇರೆ ಥರ ಹೇಳಬೇಕಂದ್ರೆ ಕಿಡಿ ಒಂದೇ, ಬಿದ್ದ ಜಾಗದಲ್ಲಿ ಏನಿದೆ ಅನ್ನೋದು ಬೇರೆ.

ಈಗ ಕಾನೂನು. ಕಿಡಿ ಅಂದ್ನಲ್ಲ, ಭಾರತದ ಸುಪ್ರೀಂ ಕೋರ್ಟ್ 1989ರ ರಂಗರಾಜನ್ ಪ್ರಕರಣದಲ್ಲಿ ಬಳಸಿದ ಹೋಲಿಕೆಯೂ ಅದೇ, ಮಾತಿಗೂ ಅಪಾಯಕ್ಕೂ ಇರೋ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ್ದಾಗಿರಬೇಕು, ಎಲ್ಲೋ ದೂರದ ಊಹೆ ಸಾಲದು ಅಂತ. 2015ರ ಶ್ರೇಯಾ ಸಿಂಘಾಲ್ ತೀರ್ಪಲ್ಲಿ ಕೋರ್ಟ್ ಮೂರು ಹಂತ ಮಾಡ್ತು, ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ರೂ ಸ್ವಾತಂತ್ರ್ಯದ ಒಳಗೆ, ಮೂರನೇದಕ್ಕೆ ಹೋದಾಗ ಮಾತ್ರ ಸರ್ಕಾರ ಕೈ ಹಾಕಬಹುದು. ಇದರ ಮೂಲ ಯೋಚನೆ ಹಳೇದು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಒಂದು ಉದಾಹರಣೆ ಕೊಟ್ಟಿದ್ದ, ಧಾನ್ಯದ ವ್ಯಾಪಾರಿಗಳು ಬಡವರನ್ನ ಹಸಿವಲ್ಲಿ ಸಾಯಿಸ್ತಿದಾರೆ ಅಂತ ಪತ್ರಿಕೆಲಿ ಬರೆದ್ರೆ ಬರೀಲಿ ಬಿಡಿ, ಅದೇ ಮಾತನ್ನ ವ್ಯಾಪಾರಿಯ ಮನೆ ಮುಂದೆ ರೊಚ್ಚಿಗೆದ್ದ ಗುಂಪಿಗೆ ಹೇಳಿದ್ರೆ ಶಿಕ್ಷೆ ಆಗಬಹುದು. ಪದ ಒಂದೂ ಬದಲಾಗಿಲ್ಲ, ಬದಲಾಗಿದ್ದು ಯಾರ ಮುಂದೆ, ಎಲ್ಲಿ, ಯಾವಾಗ.

ಅಮೆರಿಕದ ಅಳತೆಗೋಲು ಇನ್ನೂ ಬಿಗಿ. 1969ರ ಬ್ರಾಂಡೆನ್‌ಬರ್ಗ್ ತೀರ್ಪಿನ ಪ್ರಕಾರ ಮಾತು ತಕ್ಷಣದ ಕಾನೂನುಬಾಹಿರ ಕೃತ್ಯವನ್ನ ಹುಟ್ಟಿಸೋ ಉದ್ದೇಶದ್ದೇ ಆಗಿರಬೇಕು ಮತ್ತು ಅಂಥ ಕೃತ್ಯ ಆಗೋ ಸಂಭವವೂ ಇರಬೇಕು, ಎರಡೂ ಇದ್ರೆ ಮಾತ್ರ ಶಿಕ್ಷೆ. ಆ ಕೇಸಲ್ಲಿ ಬಚಾವಾಗಿದ್ದು ಕೂ ಕ್ಲಕ್ಸ್ ಕ್ಲಾನ್ ನಾಯಕ, ಕರಿಯರ ಮತ್ತು ಯೆಹೂದಿಗಳ ವಿರುದ್ಧ ವಿಷ ಕಾರಿದವನು. ಕೇಳಿದ್ರೆ ಹೊಟ್ಟೆ ಉರಿಯುತ್ತೆ, ನನಗೂ ಉರೀತು. ಆದ್ರೆ ಇದೇ ನಿಯಮ 1982ರಲ್ಲಿ ಯಾರನ್ನ ಕಾಪಾಡ್ತು ನೋಡಿ. ಮಿಸಿಸಿಪ್ಪಿಯಲ್ಲಿ ಬಿಳಿಯರ ಅಂಗಡಿಗಳ ಬಹಿಷ್ಕಾರ ನಡೀತಿದ್ದಾಗ 1966ರಲ್ಲಿ ಚಾರ್ಲ್ಸ್ ಎವರ್ಸ್ ಅನ್ನೋ ಕರಿಯರ ಹಕ್ಕುಗಳ ನಾಯಕ ತನ್ನ ಜನರಿಗೇ, ಆ ಜನಾಂಗಭೇದದ ಅಂಗಡಿಗೆ ಹೋದ್ರೆ ಕುತ್ತಿಗೆ ಮುರೀತೀವಿ ಅಂದಿದ್ದ. ಅಂಗಡಿಯವರು ಅವರ ಸಂಘಟನೆ ಮೇಲೆ ನಷ್ಟ ಪರಿಹಾರದ ಕೇಸು ಹಾಕಿದ್ರು. ಆ ಮಾತಿನ ಬೆನ್ನಲ್ಲೇ ಹಿಂಸೆ ಆಗಿಲ್ಲ, ಬಿಸಿ ಭಾಷಣದ ಮಧ್ಯೆ ಬಂದ ಮಾತು ಅಂತ ಸುಪ್ರೀಂ ಕೋರ್ಟ್ ಅವರನ್ನ ಬಿಡ್ತು. ಗೆರೆ ಸಡಿಲ ಇದ್ದಿದ್ರೆ ಆ ಚಳವಳಿ ಕೋರ್ಟಲ್ಲೇ ದಿವಾಳಿ ಆಗಿರೋದು. ಮಾತನ್ನ ಶಿಕ್ಷಿಸೋ ಕಾನೂನನ್ನ ಯಾವಾಗ್ಲೂ ಚಲಾಯಿಸೋದು ಅಧಿಕಾರದಲ್ಲಿರೋರು, ಆದ್ದರಿಂದ ಅದು ಸಡಿಲ ಆದಷ್ಟೂ ಮೊದಲು ಹಿಡಿಯೋದು ಬಲ ಇಲ್ಲದವರನ್ನ. ಈ ಕಾರಣಕ್ಕೆ ಅಪರಾಧದ ಗೆರೆ ಎತ್ತರದಲ್ಲೇ ಇರಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಜಗತ್ತಿನ ಕೋರ್ಟುಗಳು ಆ ಎತ್ತರದ ಗೆರೆಯನ್ನೂ ದಾಟಿದ ಮಾತು ಅಂತ ಹೇಳಿದ್ದು ಯಾವುದಕ್ಕೆ? ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಲಿ ಇಬ್ಬರು ಪ್ರಚಾರಕರು ಒಂದೇ ಕಟಕಟೆಲಿ ಇದ್ರು. ಜೂಲಿಯಸ್ ಸ್ಟ್ರೈಖರ್, ಡೆರ್ ಸ್ಟ್ಯೂರ್ಮರ್ ಅನ್ನೋ ಪತ್ರಿಕೆಯನ್ನ 1923ರಿಂದ ನಡೆಸಿ ಯೆಹೂದಿಗಳ ವಿರುದ್ಧ ಎರಡು ದಶಕ ವಿಷ ಹಂಚಿದವನು, ಅವನಿಗೆ ಗಲ್ಲು, 1946ರ ಅಕ್ಟೋಬರ್ 16. ಹಾನ್ಸ್ ಫ್ರಿಟ್ಸ್‌ಷೆ, ಪ್ರಚಾರ ಇಲಾಖೆಯ ರೇಡಿಯೋ ವಿಭಾಗದ ಮುಖ್ಯಸ್ಥ, ಅವನು ಖುಲಾಸೆ, ಅವನ ಭಾಷಣ ದೌರ್ಜನ್ಯ ಮಾಡಿಸೋಕೆ ಅಂತ್ಲೇ ಇದ್ವು ಅನ್ನಕ್ಕಾಗಲ್ಲ ಅಂತ. ಸ್ಟ್ರೈಖರ್ ವಿಷಯದಲ್ಲಿ ನ್ಯಾಯಾಧೀಶರು ಒತ್ತಿ ಹೇಳಿದ ಅಂಶ ಒಂದಿದೆ, ಪೂರ್ವದ ಪ್ರದೇಶಗಳಲ್ಲಿ ಯೆಹೂದಿಗಳ ಸಾಮೂಹಿಕ ಕೊಲೆ ನಡೀತಿದೆ ಅಂತ ಗೊತ್ತಾದ ಮೇಲೂ ಅವನು ಬರೆಯೋದನ್ನ ನಿಲ್ಲಿಸಲಿಲ್ಲ. ಗೊತ್ತಾದ ಮೇಲೂ ಅನ್ನೋ ಆ ಎರಡು ಪದ ನೆನಪಲ್ಲಿಡಿ. ರುವಾಂಡಾದ ರೇಡಿಯೋ ಮತ್ತು ಪತ್ರಿಕೆಯವರ ಕೇಸಲ್ಲೂ ಅಂತರರಾಷ್ಟ್ರೀಯ ನ್ಯಾಯಮಂಡಳಿಯ 2007ರ ಮೇಲ್ಮನವಿ ತೀರ್ಪು ಹೆಚ್ಚುಕಡಿಮೆ ಇದೇ ಜಾಗಕ್ಕೆ ಬಂತು, 1994ರ ಏಪ್ರಿಲ್ 6ಕ್ಕೆ ಮೊದಲಿನ ಪ್ರಸಾರ ದ್ವೇಷದ್ದೇ ಇದ್ರೂ ನರಮೇಧಕ್ಕೆ ನೇರ ಪ್ರಚೋದನೆ ಅಂತ ಸಾಬೀತಾಗಿಲ್ಲ, ಕೊಲೆ ಶುರುವಾದ ಮೇಲಿನ ಪ್ರಸಾರ ಹೌದು ಅಂತ. ಅದೇ ರೇಡಿಯೋ, ಅದೇ ದನಿಗಳು, ಆದ್ರೆ ಈಗ ಹೊರಗೆ ಏನಾಗ್ತಿದೆ ಅಂತ ಅವರಿಗೆ ಗೊತ್ತು, ಗೊತ್ತಿದ್ದೂ "ಕೆಲಸ" ಮಾಡಿ ಅಂತಿದ್ರು, ಆ ದಿನಗಳಲ್ಲಿ ಕೆಲಸ ಅಂದ್ರೆ ಕೊಲೆ ಅಂತ ಕೇಳೋರಿಗೆ ಅರ್ಥ ಆಗ್ತಿತ್ತು.

ಮುಗೆಸೆರಾ ಏನಾದ? ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ ಅವನ ಗಡೀಪಾರನ್ನ ಎತ್ತಿಹಿಡೀತು, 2012ರಲ್ಲಿ ವಾಪಸ್ ಕಳಿಸಿದ್ರು, 2016ರಲ್ಲಿ ರುವಾಂಡಾದ ಕೋರ್ಟ್ ಜೀವಾವಧಿ ಶಿಕ್ಷೆ ಕೊಡ್ತು. ಕೆನಡಾ ಕೋರ್ಟ್ ಹೇಳಿದ ಎರಡು ವಿಷಯ ನಮ್ಮ ಪ್ರಶ್ನೆಗೆ ನೇರ ಉತ್ತರ. ಒಂದು, ಮಾತಿನ ಅರ್ಥವನ್ನ ಆವತ್ತು ಅಲ್ಲಿ ಕೇಳಿದ ಜನ ಹೇಗೆ ತಗೊಂಡ್ರು ಅನ್ನೋದ್ರಿಂದ ಅಳೀಬೇಕು, ಹಾಗಾಗಿ ನದಿ ಅಂದ್ರೆ ಬರೀ ನದಿ ಅನ್ನೋ ವಾದ ನಡೆಯಲಿಲ್ಲ. ಎರಡು, ಆ ಭಾಷಣದಿಂದಲೇ ಇಂಥ ಕೊಲೆ ಆಯ್ತು ಅಂತ ತೋರಿಸೋದು ಬೇಕಿಲ್ಲ. 1948ರ ನರಮೇಧ ಒಪ್ಪಂದದ ಪ್ರಕಾರ ನೇರವಾಗಿ, ಬಹಿರಂಗವಾಗಿ ಪ್ರಚೋದಿಸೋದೇ ಅಪರಾಧ, ಯಾರೂ ಸಾಯದೇ ಇದ್ರೂ. ಅಂದ್ರೆ ಕಾರಣ ಬೇರೆ, ಅಪರಾಧ ಬೇರೆ ಅಂತ ಶುರುವಲ್ಲಿ ಹೇಳಿದ್ದನ್ನ ಕಾನೂನೇ ಒಪ್ಪಿದೆ.

ಇಂಥದ್ದನ್ನೆಲ್ಲ ಒಟ್ಟು ಮಾಡಿ ವಿಶ್ವಸಂಸ್ಥೆಯ ಕಡೆಯಿಂದ 2012ರಲ್ಲಿ ಮೊರಾಕ್ಕೋದ ರಬಾತ್‌ನಲ್ಲಿ ಒಂದು ಪರೀಕ್ಷೆ ರೂಪಿಸಿದ್ರು, ಆಗಿನ ಸಂದರ್ಭ ಏನು, ಮಾತಾಡಿದವರ ಸ್ಥಾನ ಏನು, ಉದ್ದೇಶ ಏನು, ಹೇಳಿದ್ದೇನು ಮತ್ತು ಹೇಗೆ, ಎಷ್ಟು ಜನಕ್ಕೆ ತಲುಪ್ತು, ಹಾನಿ ಆಗೋ ಸಂಭವ ಎಷ್ಟು ಹತ್ತಿರ. ಕೋರ್ಟ್ ಬಿಡಿ, ಒಂದು ವೀಡಿಯೋ ಫಾರ್ವರ್ಡ್ ಬಂದಾಗ ನಾವು ನೀವೂ ಕೇಳ್ಕೊಳ್ಳಬಹುದಾದ ಪ್ರಶ್ನೆಗಳು ಇವು, ನಾನಂತೂ ಇತ್ತೀಚೆಗೆ ಕೇಳ್ಕೊಳ್ತೀನಿ.

ಇನ್ನು ಹೊಣೆ, ಜನ ಅತೀ ಹೆಚ್ಚು ಜಾರಿಕೊಳ್ಳೋ ಜಾಗ. ಕೋರ್ಟ್ ಬಿಡ್ತು ಅಂದ್ರೆ ಹೊಣೆಯೂ ಬಿಡ್ತು ಅನ್ನೋ ವಾದ ಇದೆಯಲ್ಲ, ಅದನ್ನ ನಾವು ಜೀವನದ ಬೇರೆ ಯಾವ ವಿಷಯದಲ್ಲೂ ಒಪ್ಪಲ್ಲ. ಮಗು ಅಳ್ತಾ ಇದ್ರೂ ತಿರುಗಿ ನೋಡದೇ ಹೋಗೋ ದಾರಿಹೋಕನ ಮೇಲೆ ಕೇಸು ಆಗಲ್ಲ, ಹಾಗಂತ ಅವನು ಸರಿ ಅಂತೀವಾ? ಇನ್ನೊಂದು ವಾದ, ಎಲ್ಲ ಹೊಣೆ ಮಾಡಿದವನದ್ದು, ನಾಯಕನಿಗೂ ಹೊಣೆ ಇದೆ ಅಂದ್ರೆ ಕೊಲೆಗಾರನ ತಪ್ಪು ಕಡಿಮೆ ಮಾಡಿದ ಹಾಗಾಗುತ್ತೆ ಅಂತ. ಹೊಣೆ ಅನ್ನೋದು ಅಣ್ಣತಮ್ಮ ಪಾಲು ಮಾಡ್ಕೊಂಡ್ರೆ ಕಮ್ಮಿ ಆಗೋ ಆಸ್ತಿ ಥರ ಅಲ್ಲ. ಕೊಂದವನು ಪೂರ್ತಿ ಹೊಣೆ, ಅವನ ತಲೆಗೆ ಭಯ ತುಂಬಿದವನು ತನ್ನ ಮಾತಿಗೆ ಪೂರ್ತಿ ಹೊಣೆ, ಆ ಮಾತನ್ನ ಲಕ್ಷ ಜನರ ಮುಂದೆ ತಳ್ಳಿ ದುಡ್ಡು ಮಾಡಿದ ಕಂಪನಿ ತನ್ನ ಕೆಲಸಕ್ಕೆ ಹೊಣೆ. ಮ್ಯಾನ್ಮಾರ್‌ನಲ್ಲಿ 2017ರಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ದೇಶ ಬಿಟ್ಟು ಓಡಿದ ಮೇಲೆ, ತನ್ನ ವೇದಿಕೆ ಹಿಂಸೆಗೆ ಬಳಕೆಯಾಗೋದನ್ನ ತಡೆಯಕ್ಕೆ ಸಾಕಷ್ಟು ಮಾಡಲಿಲ್ಲ ಅಂತ ಫೇಸ್‌ಬುಕ್ 2018ರಲ್ಲಿ ತಾನೇ ಒಪ್ಕೊಂಡ್ತು, ಅದರಿಂದ ಮ್ಯಾನ್ಮಾರ್ ಸೈನ್ಯದ ತಪ್ಪು ಒಂದು ಗುಲಗಂಜಿಯಷ್ಟೂ ಇಳಿಯಲ್ಲ.

ನಾಯಕರ ಹೊಣೆಯನ್ನ ಅಳೆಯೋಕೆ ನನಗೆ ತೋಚೋ ಅಳತೆ, ಮೊದಲ ರಕ್ತ ಬಿದ್ದ ಮೇಲೆ ಅವರು ಏನು ಮಾಡಿದ್ರು ಅನ್ನೋದು. ಮೊದಲು ಆಡಿದ ಮಾತಿಗೆ ನೂರು ಸಮಜಾಯಿಷಿ ಇರುತ್ತೆ, ಗೊತ್ತಿರಲಿಲ್ಲ, ಹಾಗೆ ಅರ್ಥ ಮಾಡ್ಕೊಳ್ತಾರೆ ಅನ್ಕೊಂಡಿರಲಿಲ್ಲ, ಸಂದರ್ಭ ಬಿಟ್ಟು ಎತ್ತಿದಾರೆ, ಕೆಲವು ಸಲ ಅದು ನಿಜವೂ ಇರುತ್ತೆ. ಹಿಂಸೆ ಆದ ಮೇಲೆ ಆ ಬಾಗಿಲು ಮುಚ್ಚಿತು. ಈಗ ಗೊತ್ತು. 2017ರ ಜೂನ್ 14ರಂದು ಅಮೆರಿಕದಲ್ಲಿ ರಿಪಬ್ಲಿಕನ್ ಸಂಸದರು ಬೇಸ್‌ಬಾಲ್ ಅಭ್ಯಾಸ ಮಾಡ್ತಿದ್ದಾಗ ಒಬ್ಬ ಗುಂಡು ಹಾರಿಸಿದ, ಸ್ಟೀವ್ ಸ್ಕಲೀಸ್ ತೀವ್ರವಾಗಿ ಗಾಯಗೊಂಡ್ರು. ಗುಂಡು ಹಾರಿಸಿದವನು ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಪ್ರಚಾರದಲ್ಲಿ ಸ್ವಯಂಸೇವಕನಾಗಿದ್ದ ಅಂತ ಗೊತ್ತಾಯ್ತು. ಸ್ಯಾಂಡರ್ಸ್ ಹಿಂಸೆ ಮಾಡಿ ಅನ್ನೋ ಅರ್ಥ ಬರೋ ಹಾಗೆ ಏನೂ ಹೇಳಿರಲಿಲ್ಲ, ಆದ್ರೂ ಅದೇ ದಿನ ಸೆನೆಟ್‌ನಲ್ಲಿ ಎದ್ದು ನಿಂತು, ಅವನು ನನ್ನ ಪ್ರಚಾರದಲ್ಲಿ ಇದ್ದವನಂತೆ ಅನ್ನೋದನ್ನ ತಾನೇ ಹೇಳಿ, ಆ ಕೃತ್ಯವನ್ನ ಬೇರೆ ಅರ್ಥ ಬರದ ಹಾಗೆ ಖಂಡಿಸಿದ್ರು. 2021ರ ಜನವರಿ 6ರಂದು, ಚುನಾವಣೆ ಸೋತಿದ್ದ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಭಾಷಣದಲ್ಲಿ ಶಾಂತಿಯಿಂದ ಅನ್ನೋ ಪದವೂ ಇತ್ತು, ಜೋರಾಗಿ ಹೋರಾಡದಿದ್ರೆ ನಿಮಗೆ ದೇಶವೇ ಉಳಿಯಲ್ಲ ಅನ್ನೋ ಮಾತೂ ಇತ್ತು, ಭಾಷಣ ಒಂದನ್ನೇ ಇಟ್ಕೊಂಡು ಜನ ಇವತ್ತಿಗೂ ವಾದ ಮಾಡ್ತಾರೆ, ಆಮೇಲೆ ಸೆನೆಟ್‌ನಲ್ಲಿ ನಡೆದ ಮಹಾಭಿಯೋಗದ ವಿಚಾರಣೆಲಿ 57 ಮತ ವಿರುದ್ಧ, 43 ಮತ ಪರ ಬಿದ್ದು, ಶಿಕ್ಷೆಗೆ ಬೇಕಾದ ಮೂರನೇ ಎರಡರಷ್ಟು ಮತ ಆಗದೇ ಅವರು ಖುಲಾಸೆ ಆದ್ರು. ಆದ್ರೆ ನನ್ನ ಕಣ್ಣು ನಿಲ್ಲೋದು ಭಾಷಣದ ಮೇಲಲ್ಲ, ಮಧ್ಯಾಹ್ನ 2:24ರ ಟ್ವೀಟ್ ಮೇಲೆ, ಗುಂಪು ಆಗಲೇ ಸಂಸತ್ ಭವನದ ಒಳಗೆ ನುಗ್ಗಿತ್ತು, ಆಗ ಉಪಾಧ್ಯಕ್ಷ ಮೈಕ್ ಪೆನ್ಸ್‌ಗೆ ಧೈರ್ಯ ಇರಲಿಲ್ಲ ಅಂತ ಬರೆದ್ರು, ಮನೆಗೆ ಹೋಗಿ ಅನ್ನೋ ವೀಡಿಯೋ ಬಂದಿದ್ದು 4:17ಕ್ಕೆ.

ಇದೇನೂ ಈ ಕಾಲದ ತಕರಾರಲ್ಲ. 1170ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ, ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಮೇಲಿನ ಸಿಟ್ಟಲ್ಲಿ ಆಸ್ಥಾನದವರ ಮುಂದೆ ಕೂಗಾಡಿದ, ಕೇಳಿಸ್ಕೊಂಡ ನಾಲ್ಕು ಜನ ನೈಟ್‌ಗಳು ಕ್ಯಾಂಟರ್ಬರಿಗೆ ಹೋಗಿ ಚರ್ಚಿನೊಳಗೇ ಬೆಕೆಟ್‌ನನ್ನ ಕಡಿದ್ರು. ಅವನು ನಿಜವಾಗಿ ಯಾವ ಪದ ಆಡಿದ ಅಂತ ಇತಿಹಾಸಕಾರರು ಇವತ್ತಿಗೂ ಚರ್ಚೆ ಮಾಡ್ತಾರೆ. 1174ರಲ್ಲಿ ಅವನು ಬರಿಗಾಲಲ್ಲಿ ನಡೆದು ಬೆಕೆಟ್ ಸಮಾಧಿಗೆ ಹೋಗಿ ಸನ್ಯಾಸಿಗಳ ಕೈಲಿ ಏಟು ತಿಂದ ಅನ್ನೋದ್ರ ಬಗ್ಗೆ ಚರ್ಚೆ ಇಲ್ಲ. ಅದ್ರಲ್ಲಿ ರಾಜಕೀಯ ಲೆಕ್ಕಾಚಾರ ಇತ್ತು ನಿಜ, ಆದ್ರೂ ನಾನು ಹೇಳ್ಲಿಲ್ವಲ್ಲ ಅನ್ನೋದು ಅವನಿಗೂ ಸಾಕಾಗಲಿಲ್ಲ.

ಮತ್ತೆ ಗಾಂಧಿ. ಅಸಹಕಾರ ಚಳವಳಿಯ ಮಧ್ಯೆ 1922ರ ಫೆಬ್ರವರಿಯಲ್ಲಿ ಚೌರಿ ಚೌರಾದಲ್ಲಿ ಜನ ಠಾಣೆಗೆ ಬೆಂಕಿ ಹಚ್ಚಿ 20ಕ್ಕೂ ಹೆಚ್ಚು ಪೊಲೀಸರನ್ನ ಕೊಂದ್ರು. ಗಾಂಧಿ ಜನಾಂಗ ಜನಾಂಗದ ನಡುವೆ ಎತ್ತಿಕಟ್ಟಿದವರಲ್ಲ, ಪ್ರತಿ ಭಾಷಣದಲ್ಲೂ ಅಹಿಂಸೆ ಅಂದವರು, ಬೇಕಾಗಿದ್ರೆ ಅವರಿಗಿಂತ ಸುಲಭವಾಗಿ ಕೈ ತೊಳ್ಕೊಳ್ಳೋ ಹಾಗೆ ಬೇರೆ ಯಾರಿಗೂ ಆಗ್ತಿರಲಿಲ್ಲ. ಅವರು ಇಡೀ ಚಳವಳಿ ನಿಲ್ಲಿಸಿದ್ರು, ಜೊತೆಗಾರರು ಸಿಟ್ಟಾದ್ರೂ ಕೇಳಲಿಲ್ಲ, 5 ದಿನ ಉಪವಾಸ ಕೂತರು. ಮಾರ್ಚ್ 18ಕ್ಕೆ ಅಹಮದಾಬಾದ್‌ನಲ್ಲಿ ರಾಜದ್ರೋಹದ ವಿಚಾರಣೆ. ಸರ್ಕಾರಿ ವಕೀಲರು ಬಾಂಬೆ, ಮದ್ರಾಸ್, ಚೌರಿ ಚೌರಾದಲ್ಲಿ ಆದದ್ದಕ್ಕೆಲ್ಲ ಇವರೇ ಹೊಣೆ ಅಂದಾಗ ಗಾಂಧಿ ಅದನ್ನ ಅಲ್ಲಗಳೆಯಲಿಲ್ಲ. ವಕೀಲರು ಹೇಳಿದ್ದು ಸರಿ, ಹೊಣೆ ಇರೋ ಮನುಷ್ಯನಾಗಿ, ಓದಿದವನಾಗಿ, ಲೋಕ ಕಂಡವನಾಗಿ ನನ್ನ ಒಂದೊಂದು ಕೆಲಸದ ಪರಿಣಾಮವೂ ನನಗೆ ಗೊತ್ತಿರಬೇಕಿತ್ತು, ಬೆಂಕಿ ಜೊತೆ ಆಡ್ತಿದೀನಿ ಅಂತ ಗೊತ್ತಿತ್ತು ಅನ್ನೋ ಅರ್ಥದಲ್ಲಿ ಹೇಳಿದ್ರು, ಬಿಟ್ಟರೆ ಮತ್ತೆ ಅದನ್ನೇ ಮಾಡ್ತೀನಿ ಅಂತಲೂ ಸೇರಿಸಿದ್ರು, ಕರುಣೆ ಬೇಡ, ಇರೋದ್ರಲ್ಲಿ ಅತೀ ಕಠಿಣ ಶಿಕ್ಷೆಯನ್ನೇ ಕೊಡಿ ಅಂತ ಕೇಳಿದ್ರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ 6 ವರ್ಷ ಕೊಟ್ಟರು.